ಎರಡು ಸಲ ಒತ್ತಿದ್ದು ಯಾರು

ಆ ಭಾನುವಾರ ನನ್ನ ಗಂಡ ಯಲ್ಲೇಶ್ ಊಟ ಅರ್ಧಕ್ಕೆ ಬಿಟ್ಟು ಎದ್ದರು. ಹೊಸಪೇಟೆಯ ವೀರೇಶನ ನೆಟ್ ಅಂಗಡಿಯಲ್ಲಿ ಅವರದು ಸೆಮಿಫೈನಲ್ ಇತ್ತು.

ಅತ್ತೆ ದುರುಗವ್ವ ಹೊಸ್ತಿಲ ಮೇಲೆ ಕೂತಿದ್ದರು. "ಇಲ್ಲದ ಇಮಾನ ಇಳಸಾಕ ಇರೋ ರೊಟ್ಟಿ ಬಿಟ್ಟು ಹೊಂಟಾನ ನೋಡು ನಿನ್ನ ಗಂಡ," ಎಂದರು.

"ಯವ್ವಾ, ಇಮಾನದಾಗ ನೂರಾರು ಮಂದಿ ಕುಂತಾರ. ಅವರನ್ನ ಮ್ಯಾಲೆ ಸುತ್ತಿಸಿ ನಾ ಪುಂಡಿಪಲ್ಯ ಉಣ್ಲೇನು?"

"ಅದರಾಗ ಒಬ್ಬನ್ನರ ತೋರ್ಸು. ಅವಗೂ ಒಂದೀಟು ಬಡಸ್ತೀನಿ."

ನನ್ನ ಗಂಡ ನಕ್ಕರು. ನನ್ನ ಕಡೆ ತಿರುಗಿ, "ನೀನೂ ಬಾರೇ ಹಂಪಿ. ಒಮ್ಮೆರ ನೋಡು, ನಿನ್ನ ಗಂಡ ಏನು ಮಾಡ್ತಾನಂತ," ಎಂದರು. ನನ್ನ ಹೆಸರು ಹಂಪಕ್ಕ. ಅವತ್ತು ನಾನು ಹೋದೆ. ಹೋಗಿದ್ದು ಒಳ್ಳೆಯದಾಯಿತು. ಹೋಗದಿದ್ದರೆ ಮುಂದೆ ನನಗೆ ಏನೂ ತಿಳಿಯುತ್ತಿರಲಿಲ್ಲ, ಯಾರನ್ನು ಹೇಗೆ ಹಿಡಿಯಬೇಕೆಂದೂ ಗೊತ್ತಾಗುತ್ತಿರಲಿಲ್ಲ.

ಆಟ ಏನೆಂದು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಕೆಲವರು ವಿಮಾನ ಹಾರಿಸುತ್ತಾರೆ. ಒಬ್ಬ ಬೇರೆ ಮೂಲೆಯಲ್ಲಿ ಕೂತು, ಕಿವಿಗೆ ಮೈಕು ಸಿಕ್ಕಿಸಿಕೊಂಡು, ನೀನು ಇಳಿ, ನೀನು ತಡಿ, ನೀನು ಎಡಕ್ಕೆ ಹೊರಳು ಎಂದು ಅವರಿಗೆಲ್ಲ ಹೇಳುತ್ತಾನೆ. ದೊಡ್ಡ ವಿಮಾನ ನಿಲ್ದಾಣಗಳಲ್ಲಿ ನಿಜವಾಗಿ ಹೀಗೆ ಹೇಳುವ ಸಾಹೇಬರು ಇರುತ್ತಾರಂತೆ. ಇವರದು ಅದರ ಆಟ. ಪರದೆಯ ಮೇಲೆ ವಿಮಾನಗಳು ಹಸಿರು ಚುಕ್ಕಿಗಳು. ಎರಡು ಚುಕ್ಕಿ ಹತ್ತಿರ ಬಂದರೆ ಕೆಂಪಗಾಗಿ ಕೂಗುತ್ತವೆ. ವಿಮಾನ ಸುಳ್ಳು, ಆಕಾಶ ಸುಳ್ಳು. ಮಾತು ಮಾತ್ರ ನಿಜ.

ಆಡುವವರು ಎಂಟು ಮಂದಿ. ಇಬ್ಬಿಬ್ಬರದು ಒಂದು ಜೋಡಿ. ಇಬ್ಬರಿಗೂ ಅಷ್ಟೇ ವಿಮಾನ, ಅಷ್ಟೇ ಹೊತ್ತು. ಕಡಿಮೆ ತಪ್ಪು ಮಾಡಿದವನು ಮುಂದಿನ ಜೋಡಿಗೆ, ಇನ್ನೊಬ್ಬ ಮನೆಗೆ. ಕಬಡ್ಡಿ ಪಂದ್ಯದಲ್ಲಿ ಮಾಡುವ ಹಾಗೆ. ವೀರೇಶ ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹೆಸರು ಬರೆದಿದ್ದ. ಎಂಟು ಹೆಸರು ನಾಲ್ಕಾಗಿ, ನಾಲ್ಕು ಎರಡಾಗಿ, ಕೊನೆಗೆ ಒಂದೇ ಖಾಲಿ ಮನೆ. ಗೆದ್ದವನಿಗೆ ಒಂದು ಸ್ಟೀಲ್ ಬಿಂದಿಗೆ. ಸ್ನೇಹದ ಪಂದ್ಯ. ಎಲ್ಲರೂ ಹಾಗೆಯೇ ಅನ್ನುತ್ತಿದ್ದರು.

ಅಲ್ಲಿಗೆ ಬರುವವರಲ್ಲಿ ಕೂಲಿಯವರ ಮನೆಯವರು ನನ್ನ ಗಂಡ ಒಬ್ಬರೇ. ಅವರಿಗೆ ಈ ಹುಚ್ಚು ಹತ್ತಿದ್ದು ಹೆಲಿಕಾಪ್ಟರಿನಿಂದ. ಆಗ ಗಣಿ ಜೋರು. ಚೀನಾದವರು ನಮ್ಮ ಗುಡ್ಡದ ಕಬ್ಬಿಣದ ಮಣ್ಣು ಕೊಳ್ಳುತ್ತಾರಂತೆ ಎಂದು ಎಲ್ಲರೂ ಗುಡ್ಡ ಹತ್ತಿದ ಕಾಲ. ಧಣಿಗಳು ಬಸ್ಸಿನ ಹಾಗೆ ಹೆಲಿಕಾಪ್ಟರಿನಲ್ಲಿ ಓಡಾಡುತ್ತಿದ್ದರು. ಒಮ್ಮೆ ಅದು ಇಳಿಯುವ ಬಯಲಿನಿಂದ ಕುರಿ ಓಡಿಸಲು, ಗಾಳಿ ಯಾವ ಕಡೆಗಿದೆ ಎಂದು ತಿಳಿಯಲು ಹೊಗೆ ಹಾಕಲು ಇವರನ್ನು ಕಳಿಸಿದ್ದರು. ಕೈಯಲ್ಲಿ ವಾಕಿಟಾಕಿ. ಮೇಲಿನಿಂದ ಪೈಲಟ್ ಇವರ ಜೊತೆ ಮಾತಾಡಿದನಂತೆ. "ನಾ ಇಳಿ ಅಂದೆ ಹಂಪಿ, ಅವ ಇಳಿದ," ಎಂದು ಮನೆಗೆ ಬಂದು ಹೇಳಿದರು. ಮದುವೆಯ ದಿನವೂ ಅವರ ಮುಖ ಹಾಗೆ ಇರಲಿಲ್ಲ.

ಲಾರಿ ಕ್ಲೀನರ್ ಆಗಿ ಶುರು ಮಾಡಿದವರು ಅವರು. ಆಮೇಲೆ ಗಣಿಯ ಘಾಟಿನಲ್ಲಿ ಚೌಕಿ ಕಾಯುವ ಕೆಲಸ. ಸಂಡೂರು ಗುಡ್ಡದಲ್ಲಿ ಆ ದಾರಿ ಒಂದು ಕಡೆ ಬಂಡೆ, ಒಂದು ಕಡೆ ಪ್ರಪಾತ. ಒಂದು ಲಾರಿ ಮಾತ್ರ ಹೋಗುವಷ್ಟು ಅಗಲ. ಕೆಳಗಿನ ಚೌಕಿಯಲ್ಲಿ ಇವರು, ಮೇಲಿನ ಚೌಕಿಯಲ್ಲಿ ಹನುಮಣ್ಣ. ಇವರು ಖಾಲಿ ಲಾರಿ ಹತ್ತಿಸುವಾಗ ಹನುಮಣ್ಣ ತುಂಬಿದ ಲಾರಿ ತಡೆಯಬೇಕು. ಹನುಮಣ್ಣ ಇಳಿಸುವಾಗ ಇವರು ತಡೆಯಬೇಕು. ಎಲ್ಲ ವಾಕಿಟಾಕಿಯಲ್ಲಿ. ಚೌಕಿಗಳ ಮಾತಿಗೆ ಬೇರೆ ಚಾನೆಲ್, ಅದು ಲಾರಿಗಳಿಗೆ ಕೇಳಿಸುತ್ತಿರಲಿಲ್ಲ.

ಘಾಟಿನಲ್ಲಿ ಒಂದು ರೂಢಿ ಇತ್ತು. ತಿರುವಿನಲ್ಲಿ ಡ್ರೈವರ್ ಸ್ಟೇರಿಂಗ್ ಬಿಟ್ಟು ಮಾತಾಡಲಾರ. ಅದಕ್ಕೆ ವಾಕಿಟಾಕಿ ಸೆಟ್ಟಿನ ಗುಂಡಿಯನ್ನು ಎರಡು ಸಲ ಒತ್ತುತ್ತಿದ್ದ. ಈ ಕಡೆ ಕಟ್ ಕಟ್ ಎಂದು ಕೇಳಿಸುತ್ತಿತ್ತು. ಅಂದರೆ, ಕೇಳಿಸಿತು, ಹಂಗೇ ಮಾಡ್ತೀನಿ ಎಂದು. ಡ್ರೈವರುಗಳಿಂದ ಚೌಕಿಯವರೂ ಕಲಿತರು. ನನ್ನ ಗಂಡ ಅದನ್ನು ವೀರೇಶನ ಅಂಗಡಿಗೂ ಒಯ್ದರು. ಅಲ್ಲಿ ಮೊದಲು ನಕ್ಕರು, ಆಮೇಲೆ ಎಲ್ಲರೂ ಕಟ್ ಕಟ್ ಒತ್ತತೊಡಗಿದರು.

ಒಪ್ಪದವಳು ಸ್ಫೂರ್ತಿ ಒಬ್ಬಳೇ. ಕುರೆಕುಪ್ಪದ ಕಡೆಯ ಕಾರ್ಖಾನೆಯಲ್ಲಿ ಇಂಜಿನಿಯರ್. ಮೊದಲ ಸುತ್ತಿನಲ್ಲೇ ಸೋತಿದ್ದಳು. ಅದಕ್ಕೇ ಅವಳನ್ನು ತೀರ್ಪುಗಾರಳನ್ನಾಗಿ ಕೂರಿಸಿದ್ದರು. ಆ ಭಾನುವಾರವೂ ನನ್ನೆದುರೇ ಜಗಳ ತೆಗೆದಳು.

"ಯಲ್ಲೇಶಣ್ಣ, ನಿಯಮ ಅಂದ್ರ ನಿಯಮ. ನೀವು ಏನು ಹೇಳಿದ್ರೋ ಅದನ್ನ ಪೈಲಟ್ ತಿರುಗಿ ಬಾಯಿಲೆ ಹೇಳಬೇಕು. ನೀವು ಕೇಳಬೇಕು. ತಪ್ಪಿದ್ರ ತಿದ್ದಬೇಕು. ಈ ಕಟ್ ಕಟ್ ನಡಿಯಂಗಿಲ್ಲ."

"ನಮ್ಮ ಘಾಟಿನ್ಯಾಗ ದಿನಾ ನಡಿತೈತಲ್ಲವ್ವ ತಂಗಿ."

"ಅದು ಲಾರಿ. ಇದು ಇಮಾನ," ಎಂದು ಮನೋಹರ್ ನಡುವೆ ಬಾಯಿ ಹಾಕಿದ. "ಬಿಡು ಸ್ಫೂರ್ತಿ. ನಮ್ಮ ಯಲ್ಲ್ಯಾ ಸ್ವರ್ಗಕ್ಕ ಹೋದ್ರೂ ದೇವರಿಗೆ ಕಟ್ ಕಟ್ ಅಂತಾನ."

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು.

ಈ ಮನೋಹರ್ ಕಂಪ್ಲಿಯವನು. ಅಪ್ಪ ದೊಡ್ಡಬಸಪ್ಪನವರದು ಅಕ್ಕಿ ಗಿರಣಿ. ಗಣಿ ಜೋರಾದ ಮೇಲೆ ಮಗ ಸಾಲಾಗಿ ಟಿಪ್ಪರ್ ಲಾರಿ ಕೊಂಡು ನಮ್ಮ ಘಾಟಿಗೆ ಬಿಟ್ಟಿದ್ದ. ನನ್ನ ಗಂಡನಿಗೆ ಗೆಳೆಯ. ಹೆಗಲ ಮೇಲೆ ಕೈ ಹಾಕುವಷ್ಟು ಗೆಳೆಯ, ಮನೆಗೆ ಕರೆಯುವಷ್ಟು ಅಲ್ಲ.

ಅವತ್ತು ನನ್ನ ಗಂಡ ಕಮಲಾಪುರದ ಬಾಳೆಕಾಯಿ ವ್ಯಾಪಾರಿಯೊಬ್ಬನನ್ನು ಸೋಲಿಸಿದರು. ಅವರ ದನಿ ಒಂದು ಸಲವೂ ಏರಲಿಲ್ಲ. ಚುಕ್ಕಿಗಳು ಒಂದರ ಹಿಂದೆ ಒಂದು ಸಾಲು ಹಿಡಿದು ಬಂದವು, ನೀರಿಗೆ ಹೋಗುವ ಹೆಂಗಸರ ಹಾಗೆ. ಇನ್ನೊಂದು ಕಡೆಯಿಂದ ಮನೋಹರ್ ಆಗಲೇ ಗೆದ್ದು ಕೂತಿದ್ದ. ಫೈನಲ್ ಅವರಿಬ್ಬರದು. ಮಿರ್ಚಿ ಬಂತು. "ಮುಂದಿನ ಭಾನುವಾರ ನಿನ್ನ ಇಮಾನ ಎಲ್ಲಾ ತುಂಗಭದ್ರಾ ಡ್ಯಾಮಿಗೆ ಹಾಕ್ತೀನಲೇ," ಎಂದು ಮನೋಹರ್ ಅಂದ. "ಮೊದಲ ನಿನ್ನ ಲಾರಿ ಸಾಲಿನ್ಯಾಗ ನಿಂದ್ರಿಸಲೇ, ಆಮ್ಯಾಲ ಇಮಾನ," ಎಂದು ಇವರು ಅಂದರು.

ಆ ಮಾತು ಸುಮ್ಮನೆ ಆಡಿದ್ದಲ್ಲ. ಮನೋಹರನ ಲಾರಿಗಳು ಸಾಲು ಮುರಿಯುತ್ತಿದ್ದವು. ಬಂದರಿಗೆ ಮಣ್ಣು ಮುಟ್ಟಿಸಲು ಎಲ್ಲರಿಗೂ ಅವಸರ. ಇವನಿಗೆ ಎಲ್ಲರಿಗಿಂತ ಹೆಚ್ಚು ಅವಸರ.

ಸೋಮವಾರ ಬೆಳಿಗ್ಗೆ ಖಾಲಿ ಲಾರಿಯೊಂದು ಘಾಟಿನ ನಡುವಿನ ತಿರುವಿನಲ್ಲಿ ಕೆಟ್ಟು ನಿಂತಿತು. ಅದರ ಸೆಟ್ಟೂ ಕೆಟ್ಟಿದ್ದರಿಂದ ಡ್ರೈವರ್ ಸುಂಕಪ್ಪ ನಡೆದು ಕೆಳಗೆ ಬಂದು ಹೇಳಿದ. ತಿರುವಿನ ಆಚೆಯಿಂದ ಬರುವವರಿಗೆ ಅದು ಕಾಣುವುದಿಲ್ಲ. ಬಂದು ಬಡಿದರೆ ಎರಡೂ ಪ್ರಪಾತಕ್ಕೆ. ನನ್ನ ಗಂಡ ಸೆಟ್ಟು ತೆಗೆದುಕೊಂಡು ಮೇಲಿನ ಚೌಕಿಗೆ ಹೇಳಿದರು. ತುಂಬಿದ ಲಾರಿ ಬಿಡಬೇಡ. ನಾನು ನಡೆದು ಹೋಗಿ ತಿರುವಿನಲ್ಲಿ ಕಲ್ಲು, ಸೊಪ್ಪು ಇಡುತ್ತೇನೆ. ನಾನು ತಿರುಗಿ ಕೂಗುವವರೆಗೆ ಒಂದನ್ನೂ ಬಿಡಬೇಡ ಎಂದರು.

ಮೇಲಿನಿಂದ ಕಟ್ ಕಟ್ ಎಂದು ಬಂತು.

ಸುಂಕಪ್ಪನಿಗೆ, "ಬಾ, ಹೋಗೂನು," ಎಂದು ಮುಂದೆ ನಡೆದರು. ಸುಂಕಪ್ಪ ತನ್ನ ಲಾರಿಯ ಗಾಲಿಗೆ ಕಲ್ಲು ಕೊಡಲು ಹಿಂದೆ ನಿಂತ. ಇವರು ತಿರುವು ದಾಟಿದರು. ಮೇಲಿನಿಂದ ಮನೋಹರನ ಲಾರಿ ತುಂಬಿಕೊಂಡು ಇಳಿಯಿತು.

ಅವರನ್ನು ಮನೆಗೆ ತಂದಾಗ ಮುಖ ಮುಚ್ಚಿದ್ದರು. ಬಿಚ್ಚಬೇಡ ಎಂದರು. ನಾನು ಬಿಚ್ಚಿ ನೋಡಿದೆ. ಇನ್ನು ಅದರ ಬಗ್ಗೆ ಬರೆಯುವುದಿಲ್ಲ.

ಮಣ್ಣು ಮಾಡಿದ ಮೇಲೆ ಗಣಿಯ ಮ್ಯಾನೇಜರ್ ಸಾಹೇಬರು ಬಂದರು. ಕುರ್ಚಿ ಹಾಕಿದೆವು, ಕೂರಲಿಲ್ಲ. ಮೇಲಿನ ಚೌಕಿಗೆ ಹೇಳದೆ ದಾರಿಗೆ ಇಳಿದದ್ದು ಯಲ್ಲೇಶನ ತಪ್ಪು ಎಂದರು. ಕಂಪ್ಯೂಟರ್ ಆಟದ ಗುಂಗಿನಲ್ಲಿ ಇದ್ದನಂತೆ, ಅವನ ಸ್ನೇಹಿತರೇ ಹೇಳುತ್ತಾರೆ ಎಂದರು. ಯಾವ ಸ್ನೇಹಿತ ಎಂದು ನಾನು ಕೇಳಿದೆ. "ಮನೋಹರ್ ಅವರೇ ಮೇಲೆ ಇದ್ದರಲ್ಲ, ಅವರಿಗೆ ಏನೂ ಕೇಳಿಸಿಲ್ಲ," ಎಂದರು.

ಓಣಿಯಲ್ಲಿ ಆ ಮಾತು ಹಬ್ಬಿತು. ನೀರಿನ ನಳದ ಹತ್ತಿರ ಎರ್ರೆಮ್ಮ ಎನ್ನುವವಳು, "ಆಟಕ್ಕ ಬಿದ್ದು ಜೀವ ಕಳಕೊಂಡನಲ್ಲವ್ವ," ಎಂದು ನನ್ನ ಮುಂದೆಯೇ ಅಂದಳು. ನಾನು ಕೊಡ ಅಲ್ಲಿಯೇ ಬಿಟ್ಟು ಮನೆಗೆ ಬಂದೆ. ನನ್ನ ಗಂಡ ತಿರುವಿಗೆ ನಡೆದು ಹೋದದ್ದು ಬೇರೆಯವರು ಸಾಯಬಾರದೆಂದು. ಅವರನ್ನು ಕೊಂದವರು, ಸತ್ತ ಮೇಲೆ ಅವರ ಹೆಸರನ್ನೂ ಕೊಂದರು.

ಸುಂಕಪ್ಪ ಒಂದು ದಿನ ಬಂದು ಕಟ್ ಕಟ್ ಕೇಳಿದ್ದನ್ನು ಹೇಳಿದ. ಅವನನ್ನು ಕರೆದುಕೊಂಡು ನಾನು ಹನುಮಣ್ಣನ ಮನೆಗೆ ಹೋದೆ. ಹನುಮಣ್ಣ ನನ್ನನ್ನು ನೋಡಿ ಎದ್ದು ನಿಂತ.

"ಅವತ್ತು ಒತ್ತಿದವ ನೀನಾ?" ಎಂದು ಕೇಳಿದೆ.

"ಅಲ್ಲವ್ವ. ನನ್ನ ಮಕ್ಕಳಾಣೆ ಅಲ್ಲ. ನಾ ಬಯಲಕಡಿ ಹೋಗಿದ್ದೆ. ಮನೋಹರ್ ಸಾವ್ಕಾರ ಜೀಪಿನ್ಯಾಗ ಕುಂತಿದ್ದ. ಸೆಟ್ಟು ಅವನ ಕೈಯಾಗ ಕೊಟ್ಟಿದ್ದೆ. ಬರೂದ್ರಾಗ ಅವನ ಲಾರಿ ಇಳದು ಹೋಗಿತ್ತು."

"ಇದನ್ನ ಸಾಹೇಬರ ಮುಂದ ಹೇಳು."

"ಚೌಕಿ ಬಿಟ್ಟು ಹೋಗಿದ್ದಂತ ನನ್ನ ತಗದು ಹಾಕ್ತಾರವ್ವ."

"ತಗದು ಹಾಕಲಿ. ನನ್ನ ಗಂಡನ್ನ ಹೆಂಗ ತಗದು ಹಾಕ್ಯಾರ ನೋಡಿಲ್ಲೇನು?"

ಅವನ ಹೆಂಡತಿ ಒಳಗಿನಿಂದ ಅಳತೊಡಗಿದಳು. ನಾನು ಎದ್ದು ಬಂದೆ. ಇವರಿಬ್ಬರು ಹೇಳಿದರೂ ಡ್ರೈವರ್ ಮಾತು, ಚೌಕಿಯವನ ಮಾತು ಎಂದು ತಳ್ಳಿಹಾಕುತ್ತಾರೆ. ಆ ಮಾತು ಮನೋಹರನ ಬಾಯಿಂದಲೇ ಬರಬೇಕು. ನಾಲ್ಕು ಮಂದಿಯ ಮುಂದೆ ಬರಬೇಕು. ಆ ಸಾಹೇಬ ಕೇಳಬೇಕು. ನನಗೆ ಬೇರೇನೂ ಬೇಕಿರಲಿಲ್ಲ. ಹೇಗೆ ತರಿಸುವುದೆಂದು ಮಾತ್ರ ತಿಳಿಯುತ್ತಿರಲಿಲ್ಲ.

ಆ ದಾರಿಯನ್ನು ಆಟದವರೇ ನನ್ನ ಮನೆಬಾಗಿಲಿಗೆ ತಂದರು. ಒಂದು ದಿನ ವೀರೇಶ ಬಂದ. ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಅನ್ನಲಾರ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ಕೂತ.

"ಅಕ್ಕಾರ, ಫೈನಲ್ ಹಂಗ ಉಳದೈತಿ. ಯಲ್ಲೇಶಣ್ಣನ ನೆನಪಿನ್ಯಾಗ ಮಾಡೂನಂತ ಎಲ್ರೂ ಅಂದ್ರು. ಮನೋಹರ್ ಒಬ್ಬನ ಆಡ್ತಾನ. ಗಣಿ ಮ್ಯಾನೇಜರ್ ಸಾಹೇಬರು ಮುಖ್ಯ ಅತಿಥಿ. ಕೊನಿಗೆ ಬಿಂದಿಗಿ..." ಎಂದು ಮಾತು ನಿಲ್ಲಿಸಿದ.

"ಬಿಂದಿಗಿ?"

"ನೀವು ನಿಮ್ಮ ಕೈಯಾರ ಮನೋಹರ್‌ಗೆ ಕೊಡಬೇಕಂತ. ಅವನ ಹೇಳ್ಯಾನ."

ನನ್ನ ಮೈಯೆಲ್ಲ ಉರಿಯಿತು. ಗಂಡನನ್ನು ಕೊಂದವನಿಗೆ ಹೆಂಡತಿ ಬಹುಮಾನ ಕೊಡಬೇಕು. ಸಾಹೇಬ ಚಪ್ಪಾಳೆ ತಟ್ಟಬೇಕು. ಅಲ್ಲಿಗೆ ಎಲ್ಲ ಮುಗಿಯಿತು, ತೊಳೆದು ಹೋಯಿತು. ಒಲೆಯ ಹತ್ತಿರ ಕೊಳ್ಳಿ ಇತ್ತು. ತೆಗೆದುಕೊಳ್ಳಬೇಕು ಅನಿಸಿತು. ಅಷ್ಟರಲ್ಲಿ ಒಂದು ಮಾತು ಹೊಳೆಯಿತು.

"ಬರ್ತೀನಿ," ಎಂದೆ. "ಆದ್ರ ನಮ್ಮ ಮನಿಯವರು ಹಾರಸ್ತಿದ್ದ ಇಮಾನ ಒಂದಿತ್ತಲ್ಲ, ಸಂಡೂರ್ ಒಂದು ಅಂತ ಹೆಸರಿಂದು? ಅದನ್ನ ನಾ ಹಾರಸ್ತೀನಿ. ಮನೋಹರ್ ಇಳಸಲಿ."

ವೀರೇಶನ ಕಣ್ಣಲ್ಲಿ ನೀರು ಬಂತು. ಎಂಥ ದೊಡ್ಡ ಮನಸ್ಸು ಅಕ್ಕಾರ ನಿಮ್ಮದು ಎಂದ. ನನ್ನ ಮನಸ್ಸಿನಲ್ಲಿ ಇದ್ದದ್ದು ಅವನಿಗೆ ಹೇಗೆ ತಿಳಿಯಬೇಕು.

ಕಲಿಸಲು ಸ್ಫೂರ್ತಿ ಮಡಿಲ ಮೇಲೆ ಇಡುವ ಕಂಪ್ಯೂಟರ್ ಹಿಡಿದು ಮನೆಗೆ ಬಂದಳು. ಮೇಲೆ ಹೋಗುವುದು, ಕೆಳಗೆ ಬರುವುದು, ಎಡ, ಬಲ, ಮಾತಾಡುವ ಗುಂಡಿ. ನನಗೆ ಬೇಕಾದದ್ದು ಅಷ್ಟೇ. ಎಡಕ್ಕೆ ಹೊರಳಿಸುವುದರಲ್ಲಿ ಎಷ್ಟೋ ಸಲ ವಿಮಾನ ಕೆಡವಿದೆ.

ಅತ್ತೆ ನೋಡುತ್ತ ಕೂತಿದ್ದರು. "ಇದರ ಸಲುವಾಗಿ ನನ್ನ ಮಗ ರೊಟ್ಟಿ ಬಿಟ್ಟು ಹೋಗ್ತಿದ್ನಾ," ಎಂದರು. ಆಮೇಲೆ, "ಬ್ಯಾಡವ್ವ ಹಂಪಿ. ದೊಡ್ಡವರ ಕೂಡ ಹಗಿತನ ಬ್ಯಾಡ. ಹೋದವ ಬರಾಂಗಿಲ್ಲ," ಎಂದರು.

"ಹೋದವ ಬರೂದು ಬ್ಯಾಡತ್ತಿ. ಹೋದವನ ಮ್ಯಾಲ ಹಾಕಿದ ಹೊರಿ ಇಳೀಲಿ."

ಸ್ಫೂರ್ತಿ ನನ್ನ ಮುಖ ನೋಡಿದಳು. "ಹಂಪಕ್ಕ, ಅವರು ಹೇಳಿದ್ದನ್ನ ತಿರುಗಿ ಹೇಳೂದು ಕಲಿಸ್ಲೇನು?"

"ಅದು ಬ್ಯಾಡ. ಕಟ್ ಕಟ್ ಕಲಿಸು."

ಅವಳು ಜಾಣೆ. ಏನೂ ಕೇಳಲಿಲ್ಲ. ನನ್ನ ಬೆರಳು ಹಿಡಿದು ಗುಂಡಿಯ ಮೇಲೆ ಇಟ್ಟಳು.

ಫೈನಲ್ ದಿನ ಅಂಗಡಿ ತುಂಬಿತ್ತು. ಲಾರಿ ಮಾಲೀಕರು ಬಂದಿದ್ದರು. ಸುಂಕಪ್ಪನನ್ನೂ ಹನುಮಣ್ಣನನ್ನೂ ನಾನೇ ಬರಹೇಳಿದ್ದೆ. ಬಾಗಿಲ ಹತ್ತಿರ ನಿಂತಿದ್ದರು. ನನ್ನ ಗಂಡನ ಫೋಟೋಕ್ಕೆ ಹಾರ, ಪಕ್ಕದಲ್ಲಿ ಬಿಂದಿಗೆ. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಸಾಹೇಬರು. ಎಲ್ಲರಿಗೂ ಮಾತು ಕೇಳಲೆಂದು ವೀರೇಶ ದೊಡ್ಡ ಸೌಂಡ್ ಬಾಕ್ಸ್ ಹಚ್ಚಿದ್ದ. ಗೋಡೆಯ ಮೇಲೆ ಪರದೆ ಬಿಟ್ಟಿದ್ದ. ಚುಕ್ಕಿಗಳು ದೊಡ್ಡದಾಗಿ ಕಾಣುತ್ತಿದ್ದವು.

ಮನೋಹರ್ ಬಂದು ಕೈ ಮುಗಿದ. "ಅಕ್ಕ, ಹೆದರಬ್ಯಾಡ. ನಾ ಹೇಳಿದಂಗ ಮಾಡು. ನಿನ್ನ ಇಮಾನ ಹೂವಿನಂಗ ಇಳಸ್ತೀನಿ."

"ಹೂಂ," ಎಂದೆ.

ಆಟ ಶುರುವಾಯಿತು. ಅವನು ಚೆನ್ನಾಗಿ ಆಡುತ್ತಿದ್ದ. ಅದನ್ನು ಇಲ್ಲ ಅನ್ನುವುದಿಲ್ಲ. ಬೇರೆ ವಿಮಾನಗಳು ಒಂದೊಂದಾಗಿ ಇಳಿದವು. ಮಂದಿ ಭೇಷ್ ಎಂದರು. ಆಮೇಲೆ ನನ್ನ ಸರದಿ ಬಂತು.

"ಸಂಡೂರ್ ಒಂದು, ಈಗಿರೋ ಎತ್ತರದಾಗ ಇರ್ರಿ. ನಿಮ್ಮ ಕೆಳಗ ಇನ್ನೊಂದು ಇಮಾನ ಐತಿ. ನಾ ಹೇಳೋತನಕ ಇಳೀಬ್ಯಾಡ್ರಿ."

ನಾನು ಎರಡು ಸಲ ಒತ್ತಿದೆ. ಸೌಂಡ್ ಬಾಕ್ಸಿನಲ್ಲಿ ಕಟ್ ಕಟ್ ಎಂದು ದೊಡ್ಡದಾಗಿ ಕೇಳಿಸಿತು. ಕೆಲವರು ನಕ್ಕರು. ಯಲ್ಲೇಶನ ಹೆಂಡತಿ ಅಲ್ಲೇನು ಎಂದರು. ಮನೋಹರನೂ ನಕ್ಕು, ಬೇರೆ ವಿಮಾನದ ಜೊತೆ ಮಾತಿಗೆ ತೊಡಗಿದ.

ನಾನು ವಿಮಾನದ ಮೂತಿ ಕೆಳಗೆ ಮಾಡಿದೆ.

ಎರಡು ಚುಕ್ಕಿ ಹತ್ತಿರ ಬಂದವು. ಅವನು ನೋಡಲಿಲ್ಲ. ನೋಡಿದಾಗ ಹೊತ್ತು ಮೀರಿತ್ತು. "ಸಂಡೂರ್ ಒಂದು, ಏರು, ಏರು!" ಎಂದು ಕೂಗಿದ. ನಾನು ಮತ್ತೆ ಕಟ್ ಕಟ್ ಒತ್ತಿದೆ. ಏರಲಿಲ್ಲ. ಚುಕ್ಕಿಗಳು ಕೆಂಪಾದವು. ಗಂಟೆ ಕೂಗಿತು. ಪರದೆಯ ಮೇಲೆ ಎರಡೂ ಹೋದವು.

ಅವನು ಮೈಕು ಕಿತ್ತು ಎದ್ದ. ಮುಖ ಕೆಂಪಾಗಿತ್ತು. "ಏನಕ್ಕ ಇದು? ಇಳೀಬ್ಯಾಡ ಅಂತ ಬಡಕೊಂಡೆ!"

"ನಾ ಕಟ್ ಕಟ್ ಒತ್ತಿದ್ನಲ್ಲ."

"ಒತ್ತಿದ್ರ ಆತೇನು? ಒತ್ತಿದವರು ಕೇಳ್ಯಾರೋ ಇಲ್ಲೋ ನನಗ ಹೆಂಗ ಗೊತ್ತಾಗಬೇಕು? ಯಾರು ಒತ್ತಿದ್ರು ಅನ್ನೂದರ ಹೆಂಗ ಗೊತ್ತಾಗಬೇಕು? ಕೇಳಲಾರದ ಸುಮ್ಮಸುಮ್ಮನ ಒತ್ತಿದ್ರ ಕೆಳಗಿದ್ದವ ಸಾಯ್ತಾನ!"

ಅಂದುಬಿಟ್ಟ. ಅಂದ ಮೇಲೆ ತಾನೇನು ಅಂದೆ ಎಂದು ಅವನಿಗೆ ಕೇಳಿಸಿತು.

ನಾನು ಮೈಕನ್ನು ಬಾಯಿಗೆ ಹತ್ತಿರ ತಂದೆ. ಸೌಂಡ್ ಬಾಕ್ಸಿನಲ್ಲಿ ನನ್ನ ದನಿ ನನಗೇ ಬೇರೆಯವರದು ಅನಿಸಿತು.

"ಖರೇ ಹೇಳಿದಿ. ಕೆಳಗಿದ್ದವ ಸಾಯ್ತಾನ. ಅವತ್ತು ಮ್ಯಾಲಿನ ಚೌಕಿಯಿಂದ ಎರಡು ಸಲ ಒತ್ತಿದವ ಯಾರು ಮನೋಹರ್?"

ಸಾಹೇಬರು ಎದ್ದರು. "ಇದನ್ನ ಆಫ್ ಮಾಡ್ರಿ," ಎಂದು ವೀರೇಶನಿಗೆ ಹೇಳಿದರು. ಯಾರಿಗೂ ಇಲ್ಲ ಅನ್ನದ ವೀರೇಶ ಅವತ್ತು ಸ್ವಿಚ್ಚಿನ ಮುಂದೆ ಕೈ ಕಟ್ಟಿ ನಿಂತ.

"ಹನುಮಣ್ಣ, ನೀ ಒತ್ತಿದ್ಯಾ?" ಎಂದು ಮೈಕಿನಲ್ಲೇ ಕೇಳಿದೆ.

ಬಾಗಿಲ ಹತ್ತಿರ ಹನುಮಣ್ಣ ತಲೆ ಅಲ್ಲಾಡಿಸಿದ. ನಾನು ನೋಡುತ್ತಲೇ ಇದ್ದೆ. ಕೊನೆಗೆ ಬಾಯಿ ಬಿಟ್ಟ. "ಇಲ್ಲವ್ವ. ನಾ ಚೌಕಿಯಾಗ ಇರಲಿಲ್ಲ. ಸೆಟ್ಟು ಸಾವ್ಕಾರ್ರ ಕೈಯಾಗಿತ್ತು. ಬೇಕಾದ್ರ ನೌಕರಿ ತಗೀಲಿ."

ಎಲ್ಲರೂ ಮನೋಹರನ ಕಡೆ ತಿರುಗಿದರು. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ.

"ಫೋನಿನ್ಯಾಗಿದ್ದೆ," ಎಂದ. "ಬಂದರಿನಿಂದ ಫೋನ್ ಬಂದಿತ್ತು. ಸೆಟ್ಟು ಕೂಗಾಕತ್ತಿತ್ತು. ಏನಂತ ಕೇಳಲಿಲ್ಲ. ಸುಮ್ಮನಾಗಲಿ ಅಂತ ಒತ್ತಿದೆ. ನಮ್ಮ ಲಾರಿ ಮುಂದಿತ್ತು. ಹೋಗು ಅಂದೆ."

"ಎಲ್ಲರಿಗೂ ಕೇಳೂವಂಗ ಹೇಳು. ಒತ್ತಿದವ ಯಾರು?"

"ನಾನ."

"ತಪ್ಪು ಯಾರದು?"

ಅವನು ಅಳತೊಡಗಿದ. ಅಳುತ್ತ ನನ್ನನ್ನು ನೋಡಿ, "ಆದ್ರ ಅಕ್ಕ, ಒತ್ತೂದು ಕಲಿಸಿದವ ಅವನ. ಸ್ಫೂರ್ತಿ ಬ್ಯಾಡ ಬ್ಯಾಡ ಅಂದ್ರೂ ನಮಗೆಲ್ಲ ಕಲಿಸಿದವ ಯಲ್ಲೇಶ," ಎಂದ.

ಅದು ನನ್ನ ಎದೆಗೆ ನೇರ ಬಂತು. ಸುಳ್ಳಾಗಿದ್ದರೆ ಹೊಡೆಯುತ್ತಿದ್ದೆ. ಸುಳ್ಳಲ್ಲ. ಸ್ಫೂರ್ತಿ ತಲೆ ತಗ್ಗಿಸಿದಳು.

"ಹೌದು, ಅವರ ಕಲಿಸಿದ್ರು," ಎಂದೆ. "ಕೇಳಿ ಒತ್ತೂದು ಕಲಿಸಿದ್ರು. ಸತ್ತವನ ಮ್ಯಾಲ ಸುಳ್ಳು ಹೇಳೂದು ಕಲಿಸಿರಲಿಲ್ಲ. ಅದು ನಿಂದ. ತಪ್ಪು ಯಾರದು?"

"ನಂದು," ಎಂದ.

ಸಾಹೇಬರು ಬಾಗಿಲ ಕಡೆ ಹೊರಟಿದ್ದರು. ಸುಂಕಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ನಾನು ಅವರಿಗೆ ಹೇಳಿದೆ. "ಸಾಹೇಬ್ರ, ನಮ್ಮ ಮನಿಯಾಗ ನಿಂತು ಏನು ಹೇಳಿದ್ರಿ, ಅದು ಘಾಟಿನ್ಯಾಗ ಎಲ್ಲಾ ಡ್ರೈವರ್‌ಗೂ ಮುಟ್ಟೈತಿ. ಈಗ ಇವ ಹೇಳಿದ್ದೂ ಮುಟ್ಟಬೇಕು. ಸೆಟ್ಟಿನ್ಯಾಗ. ಇವನ ಬಾಯಿಲೆ."

ಲಾರಿ ಮಾಲೀಕರು ಇಷ್ಟು ಮಂದಿ ಕೇಳಿದ್ದಾರೆ. ಇಲ್ಲ ಅನ್ನಲು ಸಾಹೇಬರಿಗೆ ದಾರಿ ಇರಲಿಲ್ಲ. ಆಗಲಿ ಎಂದರು. ಬಿಂದಿಗೆ ಅಲ್ಲಿಯೇ ಉಳಿಯಿತು. ನಾನು ಯಾರಿಗೂ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕೆಳಗಿನ ಚೌಕಿಗೆ ಹೋದೆ. ಅವರು ಸತ್ತ ಮೇಲೆ ಅಲ್ಲಿಗೆ ಹೋದದ್ದು ಅದೇ ಮೊದಲು. ಪಾಳಿ ಬದಲಾಗುವ ಹೊತ್ತು, ಲಾರಿ ಸಾಲುಗಟ್ಟಿ ನಿಂತಿದ್ದವು. ಮನೋಹರ್ ಜೀಪಿನಿಂದ ಇಳಿದು ಲಾರಿಗಳ ಚಾನೆಲ್ಲಿಗೆ ತಿರುಗಿಸಿದ ಸೆಟ್ಟು ಹಿಡಿದ. ನನಗೆ ಕನಿಕರ ಬರಲಿಲ್ಲ. ಬರುತ್ತದೆಯೋ ಎಂದು ಕಾದು ನೋಡಿದೆ.

"ನಾ ಮನೋಹರ್. ಯಲ್ಲೇಶ್ ಲಾರಿ ಬಿಡಬ್ಯಾಡ ಅಂತ ಹೇಳಿದ್ದ. ನಾ ಕೇಳಲಾರದ ಒತ್ತಿದೆ. ಲಾರಿ ಬಿಟ್ಟೆ. ತಪ್ಪು ಯಲ್ಲೇಶಂದಲ್ಲ. ನಂದು."

ಆಮೇಲೆ ಯಾವನೋ ಡ್ರೈವರ್ ರೂಢಿಯಂತೆ ಕಟ್ ಕಟ್ ಒತ್ತಿದ. ಇನ್ನೊಬ್ಬನೂ ಒತ್ತಿದ.

ಮೇಲಿನ ಚೌಕಿಯಿಂದ ಹನುಮಣ್ಣನ ದನಿ ಒಡೆದುಕೊಂಡು ಬಂತು. "ಬಾಯಾಗ ಏನು ಕಡುಬು ಇಟಕೊಂಡೀರೇನಲೇ? ಬಾಯಿ ಬಿಟ್ಟು ಹೇಳ್ರಲೇ! ಇಲ್ಲಂದ್ರ ಇವತ್ತು ಒಂದು ಗಾಡಿ ಇಳ್ಸಾಂಗಿಲ್ಲ!"

ಆಗ ಒಬ್ಬ ಡ್ರೈವರ್ ಹೇಳಿದ. "ತಪ್ಪು ಯಲ್ಲೇಶಣ್ಣಂದಲ್ಲ." ಇನ್ನೊಬ್ಬ ಹೇಳಿದ. ಗುಡ್ಡದ ಮೇಲಿನಿಂದ, ತಿರುವಿನಿಂದ, ನನಗೆ ಕಾಣದ ಜಾಗಗಳಿಂದ ಒಬ್ಬೊಬ್ಬರೇ ಹೇಳಿದರು. ಗೊರಗೊರ ಸದ್ದಿನಲ್ಲಿ ಕೆಲವರ ಮಾತು ಅರ್ಧ ಕೇಳಿಸಿತು. ನಾನು ಎಲ್ಲ ಮುಗಿಯುವವರೆಗೆ ನಿಂತು ಕೇಳಿದೆ.

ಮನೋಹರ್ ಸೆಟ್ಟು ಕೆಳಗಿಟ್ಟು ನನ್ನ ಕಾಲಿನ ಕಡೆ ಬಾಗಿದ. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

"ಇನ್ನರ ನನ್ನ ಕ್ಷಮಿಸಕ್ಕ."

"ಇಲ್ಲ," ಎಂದೆ.

ಅವನು ಕೆಲವು ಲಾರಿ ಮಾರಿದ, ಕೆಲವು ಇಟ್ಟುಕೊಂಡ. ಹನುಮಣ್ಣನನ್ನು ಘಾಟಿನಿಂದ ತೆಗೆದು ಗೇಟಿಗೆ ಹಾಕಿದರು. ವಾಚ್‌ಮನ್ ಕೆಲಸ. ನನಗೆ ಸಿಗುತ್ತಾನೆ, ಮಾತಾಡುತ್ತಾನೆ. ನಳದ ಹತ್ತಿರ ಎರ್ರೆಮ್ಮ ಈಗ ನನ್ನ ಕೊಡ ಮೊದಲು ತುಂಬಿಸುತ್ತಾಳೆ. ಘಾಟಿನಲ್ಲಿ ಯಾರೂ ಕಟ್ ಕಟ್ ಒತ್ತುವುದಿಲ್ಲವಂತೆ. ಸುಂಕಪ್ಪ ಹೇಳಿದ. ಒತ್ತಿದರೆ ಬೇರೆ ಡ್ರೈವರುಗಳೇ ಬೈಯುತ್ತಾರಂತೆ. ಒಳ್ಳೆಯದು. ಆದರೆ ಆ ಮಾತು ಬರಲು ಒಬ್ಬ ಮನುಷ್ಯ ಹೋಗಬೇಕಾಯಿತು. ಅವನು ನನ್ನ ಗಂಡನೇ ಆಗಬೇಕಿತ್ತೇ?

ಸೇಡು ತೀರಿತಲ್ಲ, ಇನ್ನು ಬಿಡು ಎಂದು ತವರಿನವರು ಹೇಳುತ್ತಾರೆ. ತೀರಿಲ್ಲ. ಹೆಸರು ತಿರುಗಿ ಬಂತು, ಅವರು ಬರಲಿಲ್ಲ. ಮನೋಹರ್ ಉಣ್ಣುತ್ತಾನೆ, ಮಲಗುತ್ತಾನೆ, ಮಕ್ಕಳನ್ನು ಸ್ಕೂಲಿಗೆ ಬಿಡುತ್ತಾನೆ. ಅದನ್ನೆಲ್ಲ ನಾನು ನೋಡಬೇಕು.

ಅತ್ತೆಯ ಭುಜ ಹಿಡಿದುಕೊಂಡಿದೆ. ಕೈ ತಲೆಯವರೆಗೆ ಏಳುವುದಿಲ್ಲ. ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ನಾನೇ ತಲೆಗೆ ಹಚ್ಚುತ್ತೇನೆ, ಬಾಚುತ್ತೇನೆ. ಅವರು ಬಾಗಿಲಲ್ಲಿ ಕೂರುತ್ತಾರೆ, ನಾನು ಹಿಂದೆ. ಅದೇ ಹೊತ್ತಿಗೆ ರಸ್ತೆಯಲ್ಲಿ ಲಾರಿ ಶುರುವಾಗುತ್ತವೆ. ಅವನ ಲಾರಿಯ ಹೆಸರು ಕಂಡರೆ ನನ್ನ ಕೈ ಬಿಗಿಯುತ್ತದೆ, ಬಾಚಣಿಗೆ ಸಿಕ್ಕಿನಲ್ಲಿ ಎಳೆಯುತ್ತದೆ.

"ಮೆಲ್ಲಕ ಎಳಿಯೇ," ಎನ್ನುತ್ತಾರೆ ಅತ್ತೆ. "ತಲಿ ನಂದು, ಅವಂದಲ್ಲ."

ಸಿಕ್ಕು ಬಿಡಿಸಿ, ತುರುಬು ಕಟ್ಟಿ, ಏಳು ಎನ್ನುತ್ತೇನೆ.